ಹೂಂ ಅನ್ನಬೇಡಿ

ಸೊಸೆ ಶಾಲೆಯ ಕೆಲಸ ಬಿಟ್ಟು ವಿಮಾನ ನಿಲ್ದಾಣದ ಕಂಟ್ರೋಲ್ ಟವರಿಗೆ ಸೇರಿದ ಮೇಲೆ ಆ ಮನೆಯಲ್ಲಿ ನಡೆದ ಮೊದಲ ಜಗಳ ‘ಹೂಂ’ ಎಂಬ ಶಬ್ದದ ಮೇಲೆ.

ಅವತ್ತು ಅವಳಿಗೆ ರಜೆ. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಮಗಳಿಗೆ ಸ್ನಾನ ಮಾಡಿಸಲು ಹೊರಟವಳು ಹಜಾರದಲ್ಲಿ ಪೇಪರು ಓದುತ್ತಿದ್ದ ಮಾವನಿಗೆ, “ಮಾವ, ಬೇಳೆ ಒಲೆ ಮೇಲಿದೆ. ಸ್ವಲ್ಪ ಹೊತ್ತಿಗೆ ಆರಿಸ್ಬಿಡಿ,” ಎಂದಳು.

“ಹೂಂ.”

ಅವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. “ಏನು ಹೇಳ್ದೆ ನಾನು?”

“ಹೂಂ ಅಂದೆನಲ್ಲಮ್ಮ.”

“ಹೂಂ ಅಂದ್ರಿ, ಸರಿ. ನಾನು ಏನು ಹೇಳ್ದೆ ಅಂತ ಹೇಳಿ.”

ಮಾವ ಕನ್ನಡಕವನ್ನು ಹಣೆಗೇರಿಸಿ ಯೋಚಿಸಿದರು. “ಮಗೂಗೆ ಸ್ನಾನ ಮಾಡಿಸ್ತೀನಿ ಅಂದೆ.”

“ನೋಡಿದ್ರಾ!”

“ಶಾಲೆ ಬಿಟ್ರೂ ಪಾಠ ಒಪ್ಪಿಸಿಕೊಳ್ಳೋದು ಬಿಡ್ಲಿಲ್ಲವಲ್ಲ ನೀನು! ಇಡೀ ಜನ್ಮ ಬಸ್ಸು ಓಡಿಸಿದೀನಿ. ಕಂಡಕ್ಟರ್ ಸೀಟಿ ಹೊಡೀತಿದ್ದ, ನಾನು ಹೂಂ ಅಂತಿದ್ದೆ, ಬಸ್ಸು ಹೋಗ್ತಿತ್ತು. ಸೀಟಿ ತಿರುಗಿ ಊದಿ ತೋರಿಸು ಅಂತ ಯಾರೂ ಕೇಳಿಲ್ಲ.”

ಈ ಮಾತು ಬೆಳೆಯುತ್ತಿದ್ದಾಗಲೇ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಬಟ್ಟೆ ಒಣಹಾಕುತ್ತಿದ್ದ ಅತ್ತೆ ಓಡಿ ಬಂದು ಒಲೆ ಆರಿಸಿದರು. “ಯಾರ ಹೂಂ ಇದು, ತಳ ಹಿಡಿದಿರೋದು?” ಎಂದು ಅಲ್ಲಿಂದಲೇ ಕೂಗಿದರು.

ಊಟಕ್ಕೆ ಕೂತಾಗ ಅತ್ತೆ ಮೇಲಿನ ಬೇಳೆಯನ್ನು ಎಲ್ಲರಿಗೂ ಬಡಿಸಿ, ತಳದ ಕಪ್ಪನ್ನು ಕೆರೆದು ತಮ್ಮ ತಟ್ಟೆಗೆ ಹಾಕಿಕೊಂಡರು. ಸೊಸೆಗೆ ಅದು ಕಂಡಿತು. ತನ್ನ ಬೇಳೆಯಲ್ಲಿ ಅರ್ಧವನ್ನು ಅವರ ತಟ್ಟೆಗೆ ಸುರಿದು ಹೇಳಿದಳು: “ಟವರಲ್ಲಿ ಹೂಂ ಅನ್ನೋ ಹಾಗೇ ಇಲ್ಲ ಅತ್ತೆ. ‘ನಿಲ್ಲು’ ಅಂತ ನಾನು ಅಂದ್ರೆ ‘ನಿಲ್ತೀನಿ’ ಅಂತ ಆ ಕಡೆಯವರು ಬಾಯಿಬಿಟ್ಟು ಹೇಳ್ಬೇಕು. ಅವರು ಹೇಳಿದ್ದು ಸರಿ ಇದೆಯಾ ಅಂತ ನಾನು ಕೇಳಿಸ್ಕೋಬೇಕು. ಕಿವಿ ಬಲು ಸೋಮಾರಿ. ತನಗೆ ಬೇಕಾದ್ದನ್ನ ಕೇಳಿಸ್ಕೊಂಡು ಸುಮ್ನೆ ಕೂತ್ಬಿಡತ್ತೆ.”

ಆರು ವರ್ಷದ ಮಗಳಿಗೆ ಇದು ಹೊಸ ಆಟವಾಯಿತು. ಅವಳು ಅಳು ಶುರುಮಾಡುವುದೇ ಮೇಲಿನ ಸ್ವರದಲ್ಲಾದ್ದರಿಂದ ತಾತ ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದರು.

“ಅಜ್ಜಿ, ನಂಗೆ ಇನ್ನೊಂದು ತುತ್ತು ಬೇಡ. ಈಗ ನೀನು ತಿರುಗಿ ಹೇಳು.”

“ನಿಂಗೆ ಇನ್ನೊಂದು ತುತ್ತು ಬೇಕು,” ಎಂದು ಅಜ್ಜಿ ಅವಳ ಬಾಯಿಗೆ ತುತ್ತಿಟ್ಟರು. ಎಲ್ಲರೂ ನಕ್ಕರು.

ಸೊಸೆ ಎಂಟು ವರ್ಷ ಗಣಿತ ಕಲಿಸಿದವಳು. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು ಬಸ್ಸುಗಳನ್ನು ಹೊರಡಿಸುವ ಕೆಲಸದಿಂದ ಬೇರೆ ಟೀಚರುಗಳು ತಪ್ಪಿಸಿಕೊಳ್ಳುತ್ತಿದ್ದರು. ಇವಳು ಕೇಳಿ ತೆಗೆದುಕೊಳ್ಳುತ್ತಿದ್ದಳು. ಆ ಬಸ್ಸುಗಳಲ್ಲೊಂದನ್ನು ಓಡಿಸುತ್ತಿದ್ದವರು ಮಾವ. ದೂರದೂರಿನ ಬಸ್ಸುಗಳನ್ನು ಓಡಿಸಿ ಸಾಕಾಗಿ, ಕೊನೆಯ ಕೆಲವು ವರ್ಷ ಶಾಲೆಯ ಬಸ್ಸಿಗೆ ಬಂದಿದ್ದರು. “ಆ ಹುಡುಗಿ ಕೈ ಎತ್ತಿದ್ರೆ ಹತ್ತು ಬಸ್ಸು ನಿಲ್ಲತ್ತೆ. ಒಂದು ಮಗೂನೂ ಚಕ್ರದ ಹತ್ರ ಸುಳಿಯಲ್ಲ,” ಎಂದು ಮನೆಯಲ್ಲಿ ಹೊಗಳಿ ಹೊಗಳಿ, ಔಷಧಿ ಅಂಗಡಿ ಇಟ್ಟಿದ್ದ ಮಗನಿಗೆ ಅವಳನ್ನು ತಂದುಕೊಂಡವರು ಅವರೇ. ಈಗ ಅವಳು ಬಸ್ಸುಗಳನ್ನು ಬಿಟ್ಟು ವಿಮಾನಗಳಿಗೆ ಕೈ ಹಾಕಿದ್ದಕ್ಕೆ ಗೊಣಗುತ್ತಿದ್ದವರೂ ಅವರೇ. ವಯಸ್ಸಿನ ಮಿತಿ ಮುಗಿಯುವ ವರ್ಷ ಅವಳು ಪರೀಕ್ಷೆ ಬರೆದು ಪಾಸಾಗಿದ್ದಳು. ತರಬೇತಿ ಶಾಲೆಯ ಕಲಿಕೆ ಮುಗಿದು, ಈಗ ನಿಜವಾದ ಟವರಿನಲ್ಲಿ, ನಿಜವಾದ ವಿಮಾನಗಳೊಂದಿಗೆ ಗುರುವಿನ ಕಣ್ಗಾವಲಲ್ಲಿ ಕೂತು ಕಲಿಯುವ ಹಂತ.

ಆ ಗುರುವನ್ನು ಟವರಿನವರೆಲ್ಲ ದುರ್ಬೀನು ಸಾರ್ ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅವರ ಕೊರಳಲ್ಲಿ ದುರ್ಬೀನು ತೂಗುತ್ತಿತ್ತು. ಅವಳ ಬೆನ್ನ ಹಿಂದೆ ನಿಂತು ಅವಳ ಕಿವಿಗೆ ಬೀಳುವುದನ್ನೆಲ್ಲ ತಾವೂ ಕೇಳುತ್ತಿದ್ದರು. ಅವಳು ತಪ್ಪಿದರೆ ಅವಳ ಮೈಕನ್ನು ಮೀರಿ ಮಾತಾಡಲು ಅವರ ಕೈಯಲ್ಲೊಂದು ಗುಂಡಿ ಇತ್ತು. ಬೈಯುವುದು ಅವರಿಗೆ ಬರುತ್ತಿರಲಿಲ್ಲ. ಅವಳಿಂದ ತಪ್ಪಾದಾಗ ಅವಳ ಮುಖ ನೋಡದೆ ದುರ್ಬೀನಿನ ಗಾಜು ಒರೆಸುತ್ತಾ ನಿಲ್ಲುತ್ತಿದ್ದರು. ಅವಳ ಕಿವಿಯ ಕೆಂಪು ಇಳಿಯುವ ತನಕ ಒರೆಸುತ್ತಿದ್ದರು.

ಒಂದು ಸಂಜೆ ಅವಳು ಸೀನುತ್ತಾ ಮನೆಗೆ ಬಂದಳು. ಗಂಡ ಅಂಗಡಿಯಿಂದ ಮಾತ್ರೆ ತಂದ. ಅವಳು ಕೈ ಚಾಚಲಿಲ್ಲ.

“ಇದು ನಿದ್ದೆ ಬರಿಸತ್ತೆ ಅಲ್ವಾ? ನಾವು ತಗೊಳ್ಳೋ ಹಾಗಿಲ್ಲ. ಏನು ತಗೊಂಡ್ರೂ ಅಲ್ಲಿನ ಡಾಕ್ಟರಿಗೆ ಹೇಳ್ಬೇಕು. ಮಂಪರು ಇರೋ ದಿನ ಸೀಟಲ್ಲಿ ಕೂರೋ ಹಾಗಿಲ್ಲ.”

“ಒಂದು ನೆಗಡಿಗೂ ಅಪ್ಪಣೆ ಬೇಕಾ?” ಎಂದರು ಅತ್ತೆ.

“ಸೀನೋದಕ್ಕೆ ಬೇಡ ಅತ್ತೆ, ಮಾತ್ರೆಗೆ ಮಾತ್ರ.”

ಅತ್ತೆ ಬಿಸಿನೀರಿನ ಪಾತ್ರೆ ತಂದು, ಅವಳ ತಲೆಗೆ ಟವೆಲ್ ಹೊದಿಸಿ, ಹಬೆ ಹಿಡಿಸಿದರು. ಹೊದಿಕೆಯೊಳಗಿನಿಂದ ಅವಳ ಕೆಮ್ಮು ಕೇಳುತ್ತಿದ್ದರೆ ಅವರಿಗೆ ಸಂಕಟ. ಇದೆಂಥ ಕಾನೂನು ಎಂದುಕೊಂಡರು.

ಮುಂದೆ ಬೆಳಗಿನ ಪಾಳಿಗಳು ಶುರುವಾದವು. ಇನ್ನೂ ಕತ್ತಲಿರುವಾಗಲೇ ವ್ಯಾನು ಬೀದಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ಹಾಗಾಗಿ, ಮಿಕ್ಕವರು ಊಟಕ್ಕೆ ಕೂರುವ ಹೊತ್ತಿಗೆ ಅವಳು ಮಲಗಬೇಕು. ಮಲಗಿದರೆ ನಿದ್ದೆ ಬಾರದು. ಅತ್ತೆ ಕಿಟಕಿಗೆ ದಪ್ಪ ಪರದೆ ಹೊಲಿದು ಹಾಕಿದರು. ಕುರ್ಚಿಗಳ ಕಾಲಿಗೆ ಹಳೆಯ ಕಾಲುಚೀಲ ತೊಡಿಸಿದರು. ಟಿವಿಯಲ್ಲಿ ಜನ ಬಾಯಿ ಆಡಿಸುತ್ತಿದ್ದರು, ಶಬ್ದವಿರಲಿಲ್ಲ. ಪಿಟೀಲಿನ ಬಾಯಿಗೆ ಬೆರಳಿಟ್ಟು, “ಅಮ್ಮ ನಾಳೆ ವಿಮಾನ ಇಳಿಸ್ಬೇಕು, ಮೆತ್ತಗೆ,” ಎನ್ನುತ್ತಿದ್ದರು. ಇಷ್ಟಾದರೂ ಸೊಸೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಬಾಗಿಲಾಚೆಗೆ ಕೇಳುತ್ತಿತ್ತು. ಕೆಲಸ ಮುಗಿಸಿ ಬಂದವಳು ತಟ್ಟೆಯ ಮುಂದೆ ಕೂತು ತುತ್ತು ಕಲಸುತ್ತಲೇ ಇರುತ್ತಿದ್ದಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು.

“ಹೀಗೇ ಆದ್ರೆ ಹೇಗೆ ತಡ್ಕೋತೀಯ?” ಎಂದರು ಅತ್ತೆ.

“ಅಭ್ಯಾಸ ಆಗತ್ತೆ.”

“ಆಗೋದ್ರೊಳಗೆ ನೀನೇ ಇರಲ್ಲ.”

ಅತ್ತೆಗೆ ಮೈ ಕಡಿತದ ತೊಂದರೆ. ಅದಕ್ಕೆಂದು ಮಗ ಪುಟ್ಟ ಬಿಳಿ ಮಾತ್ರೆ ತಂದುಕೊಡುತ್ತಿದ್ದ. ಅದನ್ನು ನುಂಗಿದರೆ ಕಡಿತವೂ ಇಲ್ಲ, ಬೆಳಗಾದದ್ದೂ ಗೊತ್ತಿಲ್ಲ. ಒಂದು ಸಂಜೆ ಅತ್ತೆ ಅಂಥ ಒಂದು ಮಾತ್ರೆಯನ್ನು ಚಾಕುವಿನಿಂದ ಎರಡು ಮಾಡಿ, ಅರ್ಧವನ್ನು ಚಮಚದ ಬೆನ್ನಿನಿಂದ ನುರಿದು, ಬಿಸಿ ಹಾಲಿಗೆ ಹಾಕಿ, ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಕಲಕಿದರು. ಅವರಿಗೆ ಇದು ಹೊಸದಲ್ಲ. ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಕಾಲದಲ್ಲಿ, ಜ್ವರದ ಮಾತ್ರೆ ನುಂಗಲಾರದೆ ಅಳುವ ಪುಟ್ಟ ಮಕ್ಕಳಿಗೆ ಹೀಗೆಯೇ ಕುಡಿಸುತ್ತಿದ್ದರು. ಒಂದು ಮಗುವಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಹಣೆ ಮುಟ್ಟಿದರೆ ತಣ್ಣಗಿರುತ್ತಿತ್ತು. ವಾರ್ಡನ್ನು ಕೂಡ ಅವರ ಕೈಗುಣ ಹೊಗಳುತ್ತಿದ್ದರು.

ಸೊಸೆ ಹಾಲು ಕುಡಿದು ಮಲಗಿದಳು. ಆ ದಿನ ಬಾಗಿಲಾಚೆ ಹಾಸಿಗೆಯ ಸದ್ದಿರಲಿಲ್ಲ.

ಮಾರನೆಯ ಮಧ್ಯಾಹ್ನ ಬಂದವಳು ಅತ್ತೆಯ ಭುಜಕ್ಕೆ ತಲೆ ಒರಗಿಸಿದಳು. “ನಿಮ್ಮ ಹಾಲಲ್ಲಿ ಏನಿದೆಯೋ ಅತ್ತೆ, ಹೆಣದ ಹಾಗೆ ಮಲಗಿಬಿಟ್ಟೆ.”

“ಸಕ್ಕರೆ. ಇನ್ನೇನಿರತ್ತೆ,” ಎಂದರು ಅತ್ತೆ. ಅವಳ ತಲೆ ಸವರುವಾಗ ಅವರಿಗೆ ತೃಪ್ತಿಯಾಗಿತ್ತು.

ಕೆಲವು ವಾರ ಮನೆಯಲ್ಲಿ ನೆಮ್ಮದಿ ಇತ್ತು. ಬೆಳಗಿನ ಪಾಳಿ ಇದ್ದ ಸಂಜೆಗಳಲ್ಲಿ ಹಾಲು. ಹಾಲಿನ ನಂತರ ನಿದ್ದೆ. ಗಂಡ ಹೆಂಡತಿಯ ನಡುವಿನ ಸಿಡುಕು ಕಡಿಮೆಯಾಯಿತು. ಮಾವ ಮಾತ್ರ ಒಂದೆರಡು ಸಂಗತಿ ಗಮನಿಸಿದರು. ಕತ್ತಲಲ್ಲಿ ವ್ಯಾನಿಗೆ ಹೊರಟಾಗ ಸೊಸೆ ಚಪ್ಪಲಿ ಅದಲುಬದಲು ಹಾಕಿಕೊಂಡಿದ್ದಳು. ಒಮ್ಮೆ ನಲ್ಲಿ ತಿರುಗಿಸಿ ಹಾಗೇ ಹೊರಟುಹೋಗಿದ್ದಳು. ಇವರು ಎದ್ದಾಗ ಬಕೆಟ್ಟು ತುಂಬಿ ಹರಿಯುತ್ತಿತ್ತು. ಒಂದು ಮಧ್ಯಾಹ್ನ ಪಿಟೀಲು ಅಳುತ್ತಾ ಬಂದಳು.

“ತಾತ, ಅಮ್ಮಂಗೆ ಹೇಳು. ನಾನು ನಾಳೆ ಬಣ್ಣದ ಪೆನ್ಸಿಲ್ ತಗೊಂಡು ಹೋಗ್ಬೇಕು ಅಂತ ಮೂರು ಸಲ ಹೇಳ್ದೆ. ಅಮ್ಮ ಬರೀ ಹೂಂ ಅಂತಾಳೆ.”

“ಯಾರು? ನಿಮ್ಮಮ್ಮ ಹೂಂ ಅಂದ್ಲಾ?”

“ಹೂಂ, ಹೂಂ ಅಂದ್ಲು.”

ಮಾವ ಸೊಸೆಯತ್ತ ನೋಡಿದರು. ಅವಳು ಮಡಿಸಬೇಕಾದ ಬಟ್ಟೆಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಗೋಡೆ ನೋಡುತ್ತಾ ಕೂತಿದ್ದಳು.

ಮರುದಿನ ಬೆಳಿಗ್ಗೆ ಟವರಿನಲ್ಲಿ ಅದು ನಡೆಯಿತು. ರನ್‌ವೇ ಪಕ್ಕದ ಹುಲ್ಲು ಕತ್ತರಿಸುವ ಟ್ರಾಕ್ಟರು ಆಚೆ ಬದಿಗೆ ಹೋಗಬೇಕಿತ್ತು. ಒಂದು ವಿಮಾನ ಇಳಿಯಲು ಬರುತ್ತಿತ್ತು. ಸೊಸೆ ಟ್ರಾಕ್ಟರಿನವನಿಗೆ ರನ್‌ವೇ ಹೊರಗೇ ನಿಲ್ಲಲು ಹೇಳಿದಳು. ಅವನು ಮೈಕಿನಲ್ಲಿ, “ರನ್‌ವೇ ದಾಟ್ತಿದ್ದೀನಿ,” ಎಂದ.

“ಸರಿ,” ಎಂದಳು ಸೊಸೆ.

ಟ್ರಾಕ್ಟರಿನ ಮುಂದಿನ ಚಕ್ರ ರನ್‌ವೇ ಮೇಲೆ ಬಂತು. ಅವಳು ಅದನ್ನು ನೋಡುತ್ತಿದ್ದಳು, ಗಾಜಿನ ಪೆಟ್ಟಿಗೆಯಲ್ಲಿ ಮೀನು ತಿರುಗುವುದನ್ನು ನೋಡುವ ಹಾಗೆ. ಹಿಂದಿನಿಂದ ದುರ್ಬೀನು ಸಾರ್ ಗುಂಡಿ ಒತ್ತಿದರು. ಇಳಿಯಬೇಡಿ, ಮೇಲಕ್ಕೆ ಹೋಗಿ ಎಂದು ಪೈಲಟನಿಗೆ ಹೇಳಿದ ಅವರ ದನಿ ಏರಲಿಲ್ಲ. ವಿಮಾನ ಟ್ರಾಕ್ಟರಿನ ಮೇಲೆ ಗುಡುಗುತ್ತಾ ಹಾದು ಆಕಾಶಕ್ಕೆ ಹೋಯಿತು. ಅದರ ಕಿಟಕಿಗಳಲ್ಲಿ ಮುಖಗಳು ಕಂಡವು.

ದುರ್ಬೀನು ಸಾರ್ ಗಾಜು ಒರೆಸಲಿಲ್ಲ. “ಎದ್ದೇಳಮ್ಮ,” ಎಂದರು. ಅವಳು ಎದ್ದ ಮೇಲೆ ಆ ಕುರ್ಚಿಯಲ್ಲಿ ತಾವು ಕೂತರು.

ವಿಚಾರಣೆ ನಡೆಯಿತು. ಮಾತುಗಳ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕಿ ಕೇಳಿಸಿದರು. ಅವಳ ‘ಸರಿ’ ಸ್ಪಷ್ಟವಾಗಿತ್ತು. ಕಲಿಯುವವರ ತಪ್ಪು ಕಲಿಸುವವರ ತಲೆಗೆ ಬರುವುದು ಅಲ್ಲಿಯ ನಿಯಮ. ಅದರ ಮೇಲೆ ದುರ್ಬೀನು ಸಾರ್, “ನಾನು ಫ್ಲಾಸ್ಕಿನಿಂದ ಟೀ ಬಗ್ಗಿಸ್ತಾ ಇದ್ದೆ. ಗಮನ ಕೊಡಲಿಲ್ಲ. ಅವಳನ್ನ ಎಚ್ಚರಿಸಬೇಕಾಗಿದ್ದು ನಾನು,” ಎಂದು ಹೇಳಿಬಿಟ್ಟರು. ಅವರಿಂದ ಕಲಿಸುವ ಕೆಲಸ ತೆಗೆದರು. ಟವರಿನ ಬುಡದ ಕಚೇರಿಯಲ್ಲಿ ಫೈಲು ನೋಡಲು ಕೂರಿಸಿದರು. ಅವಳನ್ನು ಹೊಸ ಗುರುವಿನ ಕೈಗೆ ಕೊಟ್ಟರು.

“ಅವರು ಟೀ ಕುಡಿಯೋದೇ ಇಲ್ಲ,” ಎಂದಳು ಸೊಸೆ ಊಟದ ಹೊತ್ತಿನಲ್ಲಿ. ತಟ್ಟೆಯ ಅನ್ನ ಹಾಗೇ ಇತ್ತು. “ಆ ಫ್ಲಾಸ್ಕು ನಂದು. ನಂಗೋಸ್ಕರ ಸುಳ್ಳು ಹೇಳಿದ್ರು. ಅವನು ದಾಟ್ತೀನಿ ಅಂದದ್ದು ನಂಗೆ ಕೇಳಿಸ್ತು. ಕೇಳಿಸಿದ್ದು ಒಳಗೆ ಹೋಗ್ಲಿಲ್ಲ. ನಂಗೇನಾಯ್ತು ಅಂತ ನಂಗೇ ಗೊತ್ತಿಲ್ಲ.”

“ಆಯಾಸ,” ಎಂದ ಗಂಡ.

“ನಿದ್ದೆ ಚೆನ್ನಾಗೇ ಮಾಡಿದ್ದೆನಲ್ಲ!”

ಅತ್ತೆ ಎದ್ದು ನೀರು ತರಲು ಹೋದರು. ನೀರು ಮೇಜಿನ ಮೇಲೆಯೇ ಇತ್ತು.

ಹೊಸ ಗುರುವಿನೊಂದಿಗೆ ಬೆಳಗಿನ ಪಾಳಿ ಮತ್ತೆ ಶುರುವಾಯಿತು. ಹಾಲೂ ಶುರುವಾಯಿತು. ಒಂದು ಸಂಜೆ ಸೊಸೆ ಹಾಲು ಕುಡಿದು ಮಲಗಿದ್ದಳು. ಪಿಟೀಲು ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಆಲೂಗೆಡ್ಡೆ ಬಡಿಸುತ್ತಿದ್ದ ತಾಯಿಯನ್ನು ಮಗ ಕೇಳಿದ, “ಅಮ್ಮಾ, ಕಡಿತ ಜಾಸ್ತಿ ಆಗಿದೆಯಾ? ಮಾತ್ರೆ ಇಷ್ಟು ಬೇಗ ಮುಗಿಯೋ ಹಾಗಿಲ್ಲ. ಎಷ್ಟು ತಗೋತಿದ್ದೀಯ?”

ಸೌಟು ತಟ್ಟೆಯ ಮೇಲೆ ನಿಂತಿತು. ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ಸೊಸೆಯ ಮುಚ್ಚಿದ ಬಾಗಿಲು ನೋಡಿದರು. ಆಮೇಲೆ ತೊಳೆಯಲು ಇಟ್ಟಿದ್ದ ಹಾಲಿನ ಲೋಟ.

“ಏನು ಮಾಡಿದ್ದೀಯ?”

“ಅರ್ಧ ಮಾತ್ರ ಕೊಟ್ಟೆ,” ಎಂದರು ಅತ್ತೆ. “ಬೆಳಗಿನ ಪಾಳಿ ಇದ್ರೆ ಮಾತ್ರ. ನಾನು ಪೂರ್ತಿ ತಗೋತೀನಿ, ನಂಗೇನಾಗಿದೆ?”

“ನೀನು ಮಲಗಿ ಏಳ್ತೀಯ. ಅವಳು ವಿಮಾನ ಇಳಿಸ್ತಾಳೆ!”

“ಕೂಗ್ಬೇಡಿ. ಈಗ ತಾನೇ ಕಣ್ಣು ಮುಚ್ಚಿದ್ದಾಳೆ.”

ಮಗ ತಟ್ಟೆ ದೂಡಿದ. ಮಾವ ದನಿ ತಗ್ಗಿಸಿ ಹೇಳಿದರು: “ಸ್ಟೇರಿಂಗ್ ಹಿಡಿದವನಿಗೆ ಮಂಪರು ಹೇಳಿ ಕೇಳಿ ಬರಲ್ಲ. ಕಣ್ಣು ತೆರೆದೇ ಇರತ್ತೆ. ರಸ್ತೆ ಕಾಣ್ತಾನೇ ಇರತ್ತೆ. ತಿರುವು ಬಂದದ್ದು ಮಾತ್ರ ಗೊತ್ತಾಗಲ್ಲ. ಆ ಟ್ರಾಕ್ಟರು ಹಾಗೇ ಬಂದಿರೋದು. ಬೆಳಿಗ್ಗೆ ಅವಳಿಗೆ ಹೇಳ್ಬಿಡೋಣ.”

“ಹೇಳಿದ್ರೆ ಅವಳು ಬಾಯಿ ಮುಚ್ಕೊಂಡು ಇರ್ತಾಳಾ ಅಪ್ಪ? ತಾನೇ ಹೋಗಿ ಅಲ್ಲಿ ಒಪ್ಪಿಸ್ತಾಳೆ. ವಾರಗಟ್ಟಲೆ ಮಾತ್ರೆ ಮೇಲೆ ಕೂತಿದ್ಲು ಅಂತ ಆಗತ್ತೆ. ಅಲ್ಲಿಗೆ ಮುಗೀತು. ವಯಸ್ಸು ಮೀರಿದೆ, ಇನ್ನೊಂದ್ಸಲ ಒಳಗೆ ಬಿಡಲ್ಲ.” ಮಗ ಬಾಗಿಲಿನತ್ತ ನೋಡಿದ. “ನಿಲ್ಲಿಸಿದ್ರೆ ಸಾಕು. ನಾಳೆ ಹೇಗೂ ಹಿಂದೆ ಗುರು ಇರ್ತಾರೆ.”

“ಮತ್ತೆ ಆ ದುರ್ಬೀನು ಮನುಷ್ಯ?”

ಮಗ ಎದ್ದು ಕೈ ತೊಳೆಯಲು ಹೋದ.

“ಇನ್ಮೇಲೆ ಹಾಕ್ಬೇಡ,” ಎಂದರು ಮಾವ ಹೆಂಡತಿಗೆ. “ಬರೀ ಹಾಲು. ತಿಳೀತಾ?”

“ಹೂಂ,” ಎಂದರು ಅತ್ತೆ.

ಬೆಳಿಗ್ಗೆ ಸೊಸೆ ಕತ್ತಲಲ್ಲಿ ವ್ಯಾನು ಹತ್ತುವುದನ್ನು ಮಾವ ಬಾಗಿಲಲ್ಲಿ ನಿಂತು ನೋಡಿದರು. ಅವಳು ಕೈ ಬೀಸಿದಳು. ಇವರೂ ಬೀಸಿದರು. ಹೇಳಬೇಕಾದ್ದು ಬಾಯಲ್ಲಿಯೇ ಉಳಿಯಿತು. ಮಧ್ಯಾಹ್ನ ಅವಳು ಬರುವ ತನಕ ಅವರು ಪೇಪರು ಓದಲಿಲ್ಲ. ಮನೆಯ ಮೇಲೆ ಹಾದುಹೋಗುವ ಪ್ರತಿ ವಿಮಾನಕ್ಕೂ ಅಂಗಳಕ್ಕೆ ಹೋಗಿ ತಲೆಯೆತ್ತಿ ನಿಂತರು.

ಬರೀ ಹಾಲಿನ ವಾರಗಳು ಬಂದವು. ಸೊಸೆ ಮತ್ತೆ ಮಗ್ಗುಲು ಬದಲಿಸತೊಡಗಿದಳು. ಕಣ್ಣ ಕೆಳಗಿನ ಮಸಿ ಮರಳಿತು. ಆದರೆ ಚಪ್ಪಲಿ ಅದಲುಬದಲಾಗಲಿಲ್ಲ. ಮಗಳಿಗೆ, “ಏನು ಹೇಳ್ದೆ, ತಿರುಗಿ ಹೇಳು,” ಎಂದು ಗದರುವುದು ಮತ್ತೆ ಶುರುವಾಯಿತು. ಅದನ್ನು ಕೇಳಿದ ಮಾವನಿಗೆ ಪೇಪರಿನ ಹಿಂದೆ ಕಣ್ಣು ಒದ್ದೆಯಾಯಿತು. ಕೊನೆಯ ಪರೀಕ್ಷೆಯ ದಿನ ಮೂವರು ಅಧಿಕಾರಿಗಳು ಹಿಂದೆ ಕೂತು ನೋಡಿದರು. ಅವಳು ಪಾಸಾದಳು. ದುರ್ಬೀನು ಸಾರ್ ಕೆಳಗಿನ ಕಚೇರಿಯಿಂದ ಎದ್ದು ಬಂದು, ಕೊರಳಿನ ದುರ್ಬೀನು ತೆಗೆದು ಅವಳ ಕೊರಳಿಗೆ ಹಾಕಿದರಂತೆ. ಗಂಡ ಕೇಕು ತಂದ. ಮಾವ ತಮ್ಮ ಪಾಲನ್ನು ಪಿಟೀಲಿನ ತಟ್ಟೆಗೆ ಹಾಕಿದರು. ಆದರೂ ಮುಗಿಯಿತು, ಇನ್ನು ಹೇಳುವ ಅಗತ್ಯವಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಹಿಂದೆ ಯಾರೂ ನಿಲ್ಲದ ಮೊದಲ ಪಾಳಿ ಸೋಮವಾರ ಬೆಳಿಗ್ಗೆ. ಭಾನುವಾರ ಸಂಜೆ ಅವಳು ಬೇಗ ಮಲಗಿದಳು. ಗಂಡ ಅಂಗಡಿಯಲ್ಲಿದ್ದ. ಮಾವ ಪಿಟೀಲನ್ನು ಸದ್ದಾಗದಿರಲೆಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದಾಗ ಸೊಸೆ ಬರಿಗಾಲಲ್ಲಿ ಅಡುಗೆಮನೆಗೆ ಬಂದಳು. ಕೂದಲು ಕೆದರಿತ್ತು. ಬಂದವಳು ನೆಲದ ಮೇಲೆ ಅತ್ತೆಯ ಪಕ್ಕ ಕೂತಳು.

“ಆಗ್ತಿಲ್ಲ ಅತ್ತೆ. ಕಣ್ಣು ಮುಚ್ಚಿದ್ರೆ ಆ ಟ್ರಾಕ್ಟರು ಬರತ್ತೆ. ನಾಳೆ ನನ್ನ ಹಿಂದೆ ಯಾರೂ ಇರಲ್ಲ.”

“ಹಾಲು ಕೊಡ್ಲಾ?”

“ಕೊಡಿ. ಮುಂಚೆ ಕೊಡ್ತಿದ್ರಲ್ಲ, ಆ ಥರದ್ದು. ಈಗಿಂದು ಯಾಕೋ ಕೆಲಸ ಮಾಡ್ತಿಲ್ಲ.” ಹಾಗೆಂದು ಅವಳು ನಕ್ಕಳು.

ಅತ್ತೆ ಬಹಳ ಹೊತ್ತು ಸೊಪ್ಪಿನ ದಂಟು ಹಿಡಿದು ಕೂತರು. ಆಮೇಲೆ ಎದ್ದು ಹಾಲು ಕಾಯಿಸಿದರು. ಒಂದೇ ಒಂದು ಸಲ. ನಾಳೆಯದು ದೊಡ್ಡ ದಿನ. ಹುಡುಗಿ ಇಷ್ಟು ಹೆದರಿದ್ದಾಳೆ. ಅರ್ಧ ಏನಕ್ಕೂ ಸಾಲದು. ಚಾಕು ತೆಗೆಯಲಿಲ್ಲ.

ಸೋಮವಾರ ಮಾವ ಎದ್ದಾಗ ವ್ಯಾನು ಹೋಗಿ ಆಗಿತ್ತು. ಟೀಗೆ ನೀರಿಡಲು ಹೋದರು. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಹಾಲಿನ ಲೋಟ ಇತ್ತು. ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ, ಒಣಗಿದ ಹಾಲಿನ ಕೆಳಗೆ, ಸುಣ್ಣದಂಥ ಬಿಳಿ. ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿದರು. ಕಹಿ.

ಅತ್ತೆ ಹಿಂದೆ ನಿಂತಿದ್ದರು.

“ಹೂಂ ಅಂದಿದ್ದೆಯಲ್ಲೇ,” ಎಂದರು ಮಾವ.

“ಅವಳೇ ಕೇಳಿದ್ಲು.”

“ಮಾತ್ರೆ ಕೇಳಿದ್ಲಾ?”

“ಹಾಲು ಕೇಳಿದ್ಲು.”

“ಅರ್ಧವೇ ತಾನೇ?”

ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

ಮಾವ ಮಗನನ್ನು ಎಬ್ಬಿಸಿದರು. ಸೊಸೆಯ ಫೋನು ಟವರಿನ ಕೆಳಗೆ ಲಾಕರಿನಲ್ಲಿರುತ್ತದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮಗ ವಿಮಾನ ನಿಲ್ದಾಣದ ವಿಚಾರಣೆಯ ನಂಬರಿಗೆ ಮಾಡಿದ. ಒಂದು ಹೆಣ್ಣುದನಿ ಸ್ವಾಗತ ಹೇಳಿ, ಹೊರಡುವ ವಿಮಾನಗಳಿಗೆ ಒಂದು ಒತ್ತಿ, ಬರುವ ವಿಮಾನಗಳಿಗೆ ಎರಡು ಒತ್ತಿ ಎಂದು ಸಂಗೀತ ಹಾಕಿತು. ಮಾವ ಮೊಳೆಯಿಂದ ಸ್ಕೂಟರಿನ ಕೀ ತೆಗೆದರು.

“ಅಪ್ಪ, ನಿಂಗೆ ಕಣ್ಣು...”

“ನೀನು ಆ ಹಾಡು ಕೇಳ್ತಾ ಕೂತಿರು. ಯಾರಾದ್ರೂ ಮನುಷ್ಯರು ಸಿಕ್ರೆ ಹೇಳು.”

ಕಣ್ಣು ಮಂಜಾಗಿ ಅವರು ವಾಹನ ಬಿಟ್ಟು ವರ್ಷಗಳಾಗಿದ್ದವು. ದಾರಿಯುದ್ದಕ್ಕೂ ಎದುರಿನ ವಾಹನಗಳು ಎರಡೆರಡಾಗಿ ಕಂಡವು. ತಲೆಯ ಮೇಲೆ ಒಂದು ವಿಮಾನ ಚಕ್ರ ಇಳಿಬಿಟ್ಟುಕೊಂಡು ಅವರಿಗಿಂತ ಮುಂದೆ ಹೋಯಿತು. ಅದು ಬೇಲಿಯ ಹಿಂದೆ ಮರೆಯಾಯಿತು. ಹೊಗೆ ಏಳಲಿಲ್ಲ.

ಟವರಿನ ಗೇಟಿನಲ್ಲಿ ಕಾವಲಿನ ಹೆಂಗಸು ಬ್ರೆಡ್ಡು ತಿನ್ನುತ್ತಿದ್ದಳು. ಒಳಗೆ ಬಿಡಲಾರೆ ಎಂದಳು. ಇವರ ವಯಸ್ಸು ನೋಡಿ ತನ್ನ ಕುರ್ಚಿಯನ್ನು ಇವರತ್ತ ತಳ್ಳಿದಳು.

“ಕೂತ್ಕೊಳ್ಳೋಕೆ ಬಂದಿಲ್ಲಮ್ಮ. ಫೋನಿದೆಯಲ್ಲ, ದುರ್ಬೀನು ಸಾರಿಗೆ ಮಾಡು. ಮೇಲೆ ಸೀಟಲ್ಲಿ ಕೂತಿರೋಳು ನನ್ನ ಸೊಸೆ. ಅವಳಿಗೆ ನಿನ್ನೆ ಸಂಜೆ ನಿದ್ದೆ ಬರೋ ಮಾತ್ರೆ ಹಾಲಲ್ಲಿ ಹಾಕಿ ಕೊಟ್ಟಿದ್ದಾರೆ. ಅವಳಿಗೆ ಗೊತ್ತಿಲ್ಲ. ಈಗಲೇ ಅವಳನ್ನ ಸೀಟಿಂದ ಎಬ್ಬಿಸ್ಬೇಕು.”

“ಹೂಂ ತಾತ, ಹೇಳ್ತೀನಿ. ಗಾಬರಿ ಆಗ್ಬೇಡಿ.”

“ಹೂಂ ಅನ್ಬೇಡ!” ಮಾವ ಕಿಟಕಿಯ ಕಂಬಿ ಹಿಡಿದರು. “ನಾನು ಏನು ಹೇಳ್ದೆ? ತಿರುಗಿ ಹೇಳು.”

ಅವಳು ಬ್ರೆಡ್ಡು ಕೆಳಗಿಟ್ಟಳು. “ಸೀಟಲ್ಲಿರೋರು ನಿಮ್ಮ ಸೊಸೆ. ನಿನ್ನೆ ಸಂಜೆ ಹಾಲಲ್ಲಿ ನಿದ್ದೆ ಮಾತ್ರೆ ಹಾಕಿ ಕೊಟ್ಟಿದ್ದಾರೆ. ಅವರಿಗೆ ಗೊತ್ತಿಲ್ಲ. ಈಗಲೇ ಎಬ್ಬಿಸ್ಬೇಕು.” ಅಷ್ಟು ಹೇಳಿ, “ಕೊಟ್ಟಿದ್ದು ಯಾರು ಅಂತ ಹೇಳ್ಲಿ?” ಎಂದಳು.

ಹಿಂದೆ ಒಳಗೆ ಹೋಗಲು ನಿಂತಿದ್ದ ನಾಲ್ಕಾರು ಜನ ಕೇಳುತ್ತಿದ್ದರು.

“ಅವಳ ಅತ್ತೆ,” ಎಂದರು ಮಾವ. “ಮಾವನಿಗೂ ಗೊತ್ತಿತ್ತು ಅನ್ನು. ಮೊದಲಿಂದ ಕೊಡ್ತಿದ್ದದ್ದು ಗೊತ್ತಿತ್ತು ಅನ್ನು.”

ಅವಳು ಅದನ್ನೂ ತಿರುಗಿ ಹೇಳಿದಳು. ಆಮೇಲೆ ಫೋನು ಎತ್ತಿದಳು.

ಟವರಿನ ಬುಡದ ಕಚೇರಿಯ ಬಾಗಿಲು ತೆರೆದು ಒಬ್ಬ ಬಿಳಿ ತಲೆಯ ಮನುಷ್ಯ ಮೆಟ್ಟಿಲುಗಳತ್ತ ಓಡುವುದು ಗೇಟಿನಿಂದ ಕಂಡಿತು. ಇನ್ನೊಂದು ವಿಮಾನ ದೂರದ ದಿಬ್ಬದ ಮೇಲೆ ದೀಪ ಹೊತ್ತಿಸಿಕೊಂಡು ಬರುತ್ತಿತ್ತು. ಟವರಿನ ಗಾಜು ಬಿಸಿಲಿಗೆ ಹೊಳೆಯುತ್ತಿದ್ದುದರಿಂದ ಒಳಗಿನದೇನೂ ಕಾಣಲಿಲ್ಲ. ದೀಪ ದೊಡ್ಡದಾಯಿತು. ಚಕ್ರಗಳು ನೆಲ ಮುಟ್ಟಿ ಬಿಳಿ ಧೂಳು ಹಾರಿತು. ವಿಮಾನ ನೆಟ್ಟಗೆ ಓಡಿ ನಿಧಾನವಾಗಿ ತಿರುಗಿತು.

ಅರ್ಧ ದಿನ ಕಳೆದ ಮೇಲೆ ಸೊಸೆ ಹೊರಗೆ ಬಂದಳು. ಕೊರಳಲ್ಲಿ ದುರ್ಬೀನಿರಲಿಲ್ಲ. ಹೆಡ್‌ಸೆಟ್ಟಿನ ಗೆರೆ ಕೂದಲಿನ ಮೇಲೆ ಹಾಗೇ ಇತ್ತು. ಸ್ಕೂಟರಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಮಾವನ ಮುಂದೆ ನಿಂತಳು.

“ಮೊದಲಿಂದ ಅಂದ್ರೆ ಯಾವಾಗಿಂದ?”

“ನಿಮ್ಮತ್ತೆ ಪರದೆ ಹೊಲಿದ್ರಲ್ಲ, ಆವಾಗಿಂದ. ನಡುವೆ ನಿಲ್ಲಿಸಿದ್ರು.”

“ಪರದೆ ಹೊಲಿದಾಗಿಂದ. ನಡುವೆ ನಿಲ್ಲಿಸಿದ್ರು,” ಎಂದಳು ಅವಳು. ಟವರಿನಲ್ಲಿ ಮಾತಾಡುವ ದನಿ ಅದು, ಏರಿಳಿತವಿರಲಿಲ್ಲ. “ಟ್ರಾಕ್ಟರಿನ ದಿನ?”

“ಹಿಂದಿನ ಸಂಜೆ ನೀನು ಅದೇ ಹಾಲು ಕುಡಿದಿದ್ದೆ.”

“ನಿಮಗೆ ಗೊತ್ತಾದದ್ದು?”

“ವಿಚಾರಣೆ ಮುಗಿದ ಮೇಲೆ. ನಿನ್ನ ಗಂಡನಿಗೂ.”

ಅವಳು ತಲೆಯಾಡಿಸಿದಳು. “ಎಲ್ಲ ಬರೆದುಕೊಟ್ಟು ಬಂದೆ. ಸಾರ್‌ದು ತಪ್ಪಿಲ್ಲ ಅಂತಾನೂ ಬರೆದೆ. ಸುಳ್ಳು ಹೇಳಿದ್ದಕ್ಕೆ ಅವರಿಗೆ ಏನು ಮಾಡ್ತಾರೋ ಗೊತ್ತಿಲ್ಲ. ನನ್ನನ್ನ ಮತ್ತೆ ಕರೀತಾರೆ ಅಂತ ಯಾರೂ ಹೇಳ್ಲಿಲ್ಲ.” ಸ್ಕೂಟರಿನ ಕೀಗೆ ಕೈ ಚಾಚಿ, ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದಳು. “ನಾನೂ ಓಡಿಸೋ ಹಾಗಿಲ್ಲ. ತಳ್ಕೊಂಡು ಹೋಗೋಣ.”

ಇಬ್ಬರೂ ಸ್ಕೂಟರು ತಳ್ಳುತ್ತಾ ನಡೆದರು. ಏರು ಬಂದಾಗ ಅವಳು ಹಿಂದಿನಿಂದ ಕೈ ಕೊಟ್ಟಳು.

ಮನೆಯಲ್ಲಿ ತಟ್ಟೆಗಳನ್ನು ಹಾಕಿತ್ತು. ಗಂಡ ಅಂಗಡಿ ತೆರೆಯದೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಪಿಟೀಲು ಅವನ ಮೊಣಕಾಲಿಗೆ ಆತು ನಿಂತಿದ್ದಳು. ಸೊಸೆ ಯಾರನ್ನೂ ನೋಡದೆ ಅಡುಗೆಮನೆಗೆ ಹೋದಳು. ಅತ್ತೆ ತುಂಬಿಸಿಟ್ಟಿದ್ದ ನೀರಿನ ಲೋಟವನ್ನು ತೊಟ್ಟಿಗೆ ಚೆಲ್ಲಿದಳು. ಲೋಟಕ್ಕೆ ಸೋಪು ಹಚ್ಚಿ ತಿಕ್ಕಿ, ತೊಳೆದು, ಬೆಳಕಿಗೆ ಹಿಡಿದು ತಳ ನೋಡಿದಳು. ನಲ್ಲಿಯಿಂದ ತಾನೇ ನೀರು ಹಿಡಿದು ಕುಡಿದಳು. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ಪಾತ್ರೆಯ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. ಸೌಟು ಹಿಡಿದು ಹಜಾರದ ಬಾಗಿಲಿಗೆ ಬಂದರು.

“ಊಟ ಬಡಿಸ್ಲಾ?”

ಮಾವ ಪೇಪರು ಕೈಗೆತ್ತಿಕೊಂಡಿರಲಿಲ್ಲ. ಮಗ ನೆಲ ನೋಡುತ್ತಿದ್ದ. ಪಿಟೀಲು ಬಾಯಿ ತೆರೆದು, ಅಪ್ಪನ ಮುಖ ನೋಡಿ, ಮುಚ್ಚಿಕೊಂಡಳು. ಮನೆಯ ಮೇಲೆ ವಿಮಾನವೊಂದು ಇಳಿಯುತ್ತಾ ಹೋಯಿತು, ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ನಡುಗಿದವು.

“ಬಡಿಸ್ಲಾ?” ಎಂದರು ಅತ್ತೆ ಮತ್ತೆ.

ಯಾರೂ ಹೂಂ ಅನ್ನಲಿಲ್ಲ.